ಹಿಟ್ಟಿನಷ್ಟು ನುಣ್ಣನೆಯ ಸದ್ದು

ನಮ್ಮ ಹಿಟ್ಟಿನ ಗಿರಣಿಯಲ್ಲಿ ಬಾಯಿ ತೆರೆದು ಮಾತಾಡುವವರು ಹೊಸಬರು ಮಾತ್ರ. ಕಂಪ್ಲಿಯ ಹಳಬರೆಲ್ಲ ಡಬ್ಬಿ ಇಳಿಸಿ ಕೈ ಎತ್ತುತ್ತಾರೆ. ಹೆಬ್ಬೆರಳು ತೋರುಬೆರಳುಗಳ ತುದಿ ಸೇರಿಸಿ ತೀಡಿದರೆ ಹಿಟ್ಟು ನುಣ್ಣಗೆ ಬೇಕು ಎಂದರ್ಥ. ಐದೂ ಬೆರಳು ಅಗಲಿಸಿ ಅಲ್ಲಾಡಿಸಿದರೆ ತರಿತರಿಯಾಗಿರಲಿ ಎಂದು. ಮೂಗು ಮುಟ್ಟಿಕೊಂಡರೆ ಡಬ್ಬಿಯಲ್ಲಿರುವುದು ಒಣಮೆಣಸಿನಕಾಯಿ, ಎಲ್ಲರದೂ ಮುಗಿದ ಮೇಲೆ ಹಾಕಬೇಕು. ಮೋಟಾರು ಓಡುತ್ತಿರುವಾಗ ದೇವರೇ ಬಾಗಿಲಲ್ಲಿ ನಿಂತು ಕೂಗಿದರೂ ನನಗೆ ಕೇಳಿಸುವುದಿಲ್ಲ. ಅವನೂ ಬೆರಳು ತೀಡಬೇಕು.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಯಜಮಾನರು ಹೋದ ಮೇಲೆ ಗಿರಣಿ ನನ್ನ ಕೈಗೆ ಬಂತು. ಜಾರಿದ ಬೆಲ್ಟು ಏರಿಸುವುದು, ಕಲ್ಲು ಬಿಗಿ ಮಾಡುವುದು, ಸಡಿಲ ಬಿಡುವುದು, ಎಲ್ಲ ನೋಡಿ ನೋಡಿ ಕಲಿತೆ. ಮನೆ ಗಿರಣಿಯ ಬೆನ್ನಿಗೇ ಇದೆ. ಮಗ ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಾನೆ. ವಾರಕ್ಕೊಮ್ಮೆ ಮೈತುಂಬ ಕೆಂಪು ಧೂಳು ಹೊತ್ತು ಬರುತ್ತಾನೆ. ಸೊಸೆ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಹಾಗಾಗಿ ತೊಟ್ಟಿಲು ಬಿಟ್ಟ ದಿನದಿಂದ ಮೊಮ್ಮಗಳು ನನ್ನ ಪಾಲಿಗೆ ಬಂದಳು. ಜೋಳದ ಚೀಲಗಳ ಮೇಲೆ ಕೌದಿ ಹಾಸಿ ಕೂಡಿಸಿದರೆ ಮುಗಿಯಿತು, ಪಟ್ಟಕ್ಕೆ ಏರಿದವಳ ಹಾಗೆ ಕೂತು ಬಂದವರ ಕೈಗಳನ್ನೇ ನೋಡುತ್ತಿದ್ದಳು. ಸಂಜೆ ಹೊತ್ತಿಗೆ ಅವಳ ಹುಬ್ಬು, ರೆಪ್ಪೆ, ಜುಟ್ಟು ಎಲ್ಲ ಬೆಳ್ಳಗಾಗಿರುತ್ತಿತ್ತು. ನನ್ನದೂ ಹಾಗೇ. ನಾವಿಬ್ಬರೂ ಒಂದೇ ವಾರಿಗೆಯ ಮುದುಕಿಯರಂತೆ ಮನೆಗೆ ಹೋಗುತ್ತಿದ್ದೆವು.

ಮಾತು ಕಲಿಯುವ ಮೊದಲೇ ಅವಳು ಕೈ ಕಲಿತಳು. ಅನ್ನ ಮೆತ್ತಗಾಗಿದ್ದರೆ ಬೆರಳು ತೀಡುವಳು. ಉಪ್ಪಿಟ್ಟು ಉದುರುದುರಾಗಿದ್ದರೆ ಐದೂ ಬೆರಳು ಅಲ್ಲಾಡಿಸುವಳು. ಸಾರಿಗೆ ಖಾರ ಹೆಚ್ಚಾದರೆ ಮೂಗು ಮುಟ್ಟಿಕೊಂಡು ನನ್ನನ್ನು ದುರುಗುಟ್ಟಿ ನೋಡುವಳು. ಕಲ್ಲು ಚೂರು ಸಡಿಲಾಗಿ ಹಿಟ್ಟಿನಲ್ಲಿ ತರಿ ಬರತೊಡಗಿದರೆ ಚೀಲದ ಮೇಲಿಂದಲೇ ಐದು ಬೆರಳು ತೋರಿಸುವಳು. ನಾನು ಹೋಗಿ ಮುಟ್ಟಿ ನೋಡಿದರೆ ಹೌದು, ತರಿಯೇ! ಅಷ್ಟು ದೂರದಿಂದ ಹಿಟ್ಟು ನೋಡಿ ಹೇಳುತ್ತಾಳಲ್ಲ, ಎಂಥ ಕಣ್ಣು ಕೊಟ್ಟನಪ್ಪ ದೇವರು ಎಂದು ಬಂದ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದೆ. ನಾನಂತೂ ಹಿಗ್ಗಿ ಹೀರೇಕಾಯಿಯಾಗಿದ್ದೆ.

ಮಾತು ಮಾತ್ರ ಬರಲಿಲ್ಲ. ನಾಲ್ಕು ವರ್ಷ ತುಂಬುತ್ತ ಬಂದರೂ ಅಮ್ಮ, ಬಾ, ತಾ, ಅಷ್ಟೇ. ಅಂಗನವಾಡಿಯ ಟೀಚರು ಒಂದು ದಿನ ಸೊಸೆಯನ್ನು ಪಕ್ಕಕ್ಕೆ ಕರೆದರಂತೆ. ಮಗುವನ್ನು ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಬೆನ್ನ ಹಿಂದೆ ಚಪ್ಪಾಳೆ ತಟ್ಟಿದರೂ ಇಲ್ಲ, ಒಮ್ಮೆ ಕಿವಿ ತೋರಿಸಿರಿ ಎಂದರಂತೆ.

ಆ ಸಂಜೆ ಸೊಸೆ ಚಪ್ಪಲಿ ಕೂಡ ಬಿಡದೆ ಗಿರಣಿಗೆ ನುಗ್ಗಿ ತಾನೇ ಮೋಟಾರು ಬಂದ್ ಮಾಡಿದಳು.

"ಈ ಗಿರಣಿನೇ ನನ್ ಕೂಸಿನ ಕಿವಿ ತಿಂತು ಅತ್ತೀ."

"ಏನ್ ಮಾತಂತ ಆಡ್ತಿ? ನಿನ್ ಗಂಡನೂ ಇದೇ ಚೀಲದ ಮ್ಯಾಲೆ ಬೆಳದಾನ. ಅವನ ಕಿವಿಗೇನಾಗೇತಿ?"

"ನಾ ಕರದ್ರ ನಿಮ್ ಮಗಗ ಯಾವಾಗರ ಕೇಳೇತೇನು, ನೀವ ಹೇಳ್ರಿ!"

ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅವತ್ತು ಅವಳು ಮಗಳನ್ನು ಎತ್ತಿಕೊಂಡು, ಅದರ ಕಿವಿಯ ಸುತ್ತಲಿನ ಹಿಟ್ಟನ್ನು ಸೆರಗಿನಿಂದ ಒರೆಸುತ್ತ ಮೆಲ್ಲಗೆ ಕೇಳಿದಳು: "ಹಂಗಾರ ನಾ ಇಷ್ಟ್ ದಿನ ಹಾಡಿದ ಜೋಗುಳ ಅಕಿಗಿ ಒಂದೂ ಕೇಳಿಲ್ಲೇನ್ರಿ?"

ಸೊಸೆ ಕೂಸನ್ನು ಇಳಿಸಿ ಒಳಗೆ ಹೋದ ಮೇಲೆ ಹಿತ್ತಲಲ್ಲಿ ಆಡುತ್ತಿದ್ದ ಮಗುವಿನ ಹಿಂದೆ ನಿಂತು ಹಿತ್ತಾಳೆ ತಟ್ಟೆಗೆ ಸೌಟು ಬಡಿದೆ. ತಿರುಗಲಿಲ್ಲ. ಇನ್ನೊಮ್ಮೆ ಬಡಿದೆ. ಅವಳು ಮಣ್ಣಿನಲ್ಲಿ ಕಡ್ಡಿ ನೆಡುತ್ತಲೇ ಇದ್ದಳು.

ಮರುದಿನ ಗಿರಣಿಗೆ ಬೀಗ ಹಾಕಿ ಮೂವರೂ ಹೊಸಪೇಟೆಯ ಬಸ್ಸು ಹತ್ತಿದೆವು. ಬಸ್ಸಿನ ಸದ್ದು ನಮಗೆ ಗಿರಣಿ ಇದ್ದ ಹಾಗೇ. ನಾನೂ ಮೊಮ್ಮಗಳೂ ದಾರಿಯುದ್ದಕ್ಕೂ ಕೈಯಲ್ಲೇ ಹರಟೆ ಹೊಡೆದೆವು. ಬುಕ್ಕಸಾಗರದ ಗದ್ದೆಯ ಕೆಸರು ನುಣ್ಣಗಿದೆ, ರಸ್ತೆಯ ಜಲ್ಲಿ ತರಿಯಾಗಿದೆ. ಕಿಟಕಿಯ ಪಕ್ಕದ ಅಜ್ಜನೊಬ್ಬನ ಮೀಸೆ ಕಂಡು ಮೂಗು ಮುಟ್ಟಿಕೊಂಡಳು, ಅದೊಂದು ಖಾರದ ಮೀಸೆ! ಸೊಸೆ ನನ್ನ ಕೈ ಹಿಡಿದು ಕೆಳಗಿಳಿಸಿದಳು.

"ಇವತ್ತೊಂದಿನ ಕೈ ಮಾಡಬ್ಯಾಡ್ರಿ ಅತ್ತೀ. ಬಾಯಿಲೆ ಮಾತಾಡಿಸ್ರಿ."

ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟು ಕೂತೆ. ಕಮಲಾಪುರದಲ್ಲಿ, ಹಂಪಿ ನೋಡಿ ಬಂದ ಹುಡುಗಿಯೊಬ್ಬಳು ಹತ್ತಿ ನಮ್ಮ ಮುಂದೆ ಕೂತಳು. ಅವಳ ತಲೆಯ ಮೇಲೆ ಕೆಂಪು ಹೆಡ್‌ಫೋನು. ಮೊಮ್ಮಗಳು ಅದನ್ನೇ ನೋಡಿ ನೋಡಿ, ಎರಡೂ ಅಂಗೈಯಿಂದ ತನ್ನ ಕಿವಿ ಮುಚ್ಚಿಕೊಂಡು ನಕ್ಕಳು. ಆ ನಗು ಕಂಡು ಸೊಸೆ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಹೊಸಪೇಟೆಯಲ್ಲಿ ಕಿವಿ ಪರೀಕ್ಷೆ ಮಾಡುವ ಜಾಗವೆಂದರೆ ಕೋಣೆಯೊಳಗೆ ಇನ್ನೊಂದು ಕೋಣೆ. ಗೋಡೆಗೆಲ್ಲ ದಪ್ಪ ಸ್ಪಂಜು, ಗೇಣು ದಪ್ಪದ ಬಾಗಿಲು, ಒಂದು ಗಾಜಿನ ಕಿಟಕಿ. ಪರೀಕ್ಷೆ ಮಾಡುವವಳು ನಗುಮುಖದ ಹುಡುಗಿ. ಸದ್ದಾಗಬಾರದೆಂದು ಬಳೆಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟಿದ್ದಳು. ಮಗುವಿನ ಮುಂದೆ ಬಣ್ಣದ ಮಣಿಗಳನ್ನೂ ಒಂದು ಸ್ಟೀಲಿನ ಬಟ್ಟಲನ್ನೂ ಇಟ್ಟಳು. ಕಿವಿಯಲ್ಲಿ ಸದ್ದು ಬಂದಾಗಲೆಲ್ಲ ಒಂದು ಮಣಿಯನ್ನು ಬಟ್ಟಲಿಗೆ ಹಾಕಬೇಕು, ಇದೇ ಆಟ. ಆದರೆ ಹೆಡ್‌ಫೋನು ಹತ್ತಿರ ತಂದರೆ ಮೊಮ್ಮಗಳು ತಲೆ ಒದರಿ ತಾಯಿಯ ಕುತ್ತಿಗೆಗೆ ಜೋತುಬಿದ್ದಳು. ಬಸ್ಸಿನಲ್ಲಿ ನಕ್ಕವಳು ಇಲ್ಲಿ ಹೆದರಿದಳು.

"ಮೊದ್ಲು ಅಜ್ಜಿ ಹಾಕ್ಕೊಳ್ಲಿ. ಪಾಪು ನೋಡ್ಲಿ," ಎಂದಳು ಆ ಹುಡುಗಿ.

ಸರಿ, ನಾನೇ ಕೂತೆ. ಬಾಗಿಲು ಮುಚ್ಚಿತು. ನನ್ನ ಜನ್ಮದಲ್ಲಿ ಅಂಥ ಮೌನದಲ್ಲಿ ಕೂತಿರಲಿಲ್ಲ. ಗಿರಣಿ ಬಂದ್ ಮಾಡಿದ ಮೇಲೂ ಅದರ ಗುಂಯ್‌ಗುಡುವಿಕೆ ನನ್ನ ಕಿವಿಯಲ್ಲಿ ಉಳಿದಿರುತ್ತದೆ. ಇಲ್ಲಿ ಅದೊಂದೇ ಕೇಳುತ್ತಿತ್ತು. ಆಮೇಲೆ ದೂರದಲ್ಲಿ ಯಾರೋ ಖಾಲಿ ಪೀಪಾಯಿ ಗುದ್ದಿದಂತೆ ಭುಂ ಎಂದಿತು. ಮಣಿ ಹಾಕಿದೆ. ಕೊಳಲಿನಂಥದೊಂದು ಬಂತು. ಹಾಕಿದೆ. ಅದಕ್ಕಿಂತ ತೆಳುವಾದದ್ದೊಂದು ಬಂತೋ ಇಲ್ಲವೋ ಎನ್ನುವಂತೆ ಬಂತು. ಅದಕ್ಕೂ ಹಾಕಿದೆ. ಆಮೇಲೆ ಏನೂ ಇಲ್ಲ. ಗಾಜಿನ ಆಚೆ ಆ ಹುಡುಗಿಯ ಮೊಣಕೈ ಮಾತ್ರ ಅಲ್ಲಾಡುತ್ತಿತ್ತು. ಮೊಮ್ಮಗಳು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದಾಳೆ, ಅವಳ ಮುಂದೆ ಸೋಲುವುದುಂಟೆ? ಮೊಣಕೈ ಅಲ್ಲಾಡಿದಾಗಲೆಲ್ಲ ಒಂದೊಂದು ಮಣಿ ಹಾಕತೊಡಗಿದೆ. ಟಣ್, ಟಣ್, ಟಣ್.

ಹೆಡ್‌ಫೋನಿನೊಳಗೆ ಆ ಹುಡುಗಿಯ ದನಿ ಬಂತು: "ಅಮ್ಮಾ, ಈ ಸಲ ನಾ ಸದ್ದೇ ಬಿಟ್ಟಿಲ್ಲ. ಮೂಗು ತುರಿಸ್ಕೊಂಡೆ."

ಹೊರಗೆ ಬಂದಾಗ ನನಗೇ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ಆದರೆ ಪರೀಕ್ಷೆ ಎಂದರೆ ಪರೀಕ್ಷೆ, ಇದ್ದದ್ದನ್ನು ಹೇಳಿದಳು. "ದಪ್ಪ ಸದ್ದೆಲ್ಲ ನಿಮಗ ಚೊಲೋ ಕೇಳ್ತಾವ್ರಿ. ಸಣ್ಣ, ಚೂಪು ಸದ್ದು ಹೋಗ್ಬಿಟ್ಟಾವ. ಒಂದು ವಯಸ್ಸು, ಇನ್ನೊಂದು ಗಿರಣಿ. ದಿನಾ ಜೋರ್ ಸದ್ದಿನ್ಯಾಗ ಇದ್ದೋರಿಗಿ ಮೊದ್ಲು ಹೋಗೋದು ಅವೇ."

ನನ್ನ ಕಿವಿ ಹೋದರೆ ಹೋಗಲಿ. ಸೊಸೆಯ ಮುಖದಲ್ಲಿ ರಕ್ತ ಇಂಗಿದ್ದು ಕಂಡಾಗ ಅವಳು ಯೋಚಿಸಿದ್ದು ನನಗೂ ಹೊಳೆಯಿತು. ನಾನು ಗಿರಣಿ ಹಿಡಿಯುವಾಗ ಬೆಳೆದವಳು. ಮಗು ಕೂತದ್ದು ಎಳೆ ಕಿವಿ ಇಟ್ಟುಕೊಂಡು.

ಅಜ್ಜಿ ಹಾಕಿಕೊಂಡದ್ದನ್ನು ಕಂಡ ಮೊಮ್ಮಗಳಿಗೆ ಈಗ ಅದು ಬೇಕೇ ಬೇಕಾಗಿತ್ತು. ತಾಯಿಯ ತೊಡೆಯ ಮೇಲೆ ಕೂತು ಹೆಡ್‌ಫೋನು ಹಾಕಿಸಿಕೊಂಡಳು. ತಲೆಗಿಂತ ಅದೇ ದೊಡ್ಡದಾಗಿ ಕಾಣುತ್ತಿತ್ತು. ಎಡಗೈಯಲ್ಲಿ ಹಸಿರು ಮಣಿಯೊಂದನ್ನು ಹಿಡಿದಳು. ತಾಯಿ ಮಗಳು ಒಳಗೆ, ಬಾಗಿಲು ಮುಚ್ಚಿತು. ನಾನು ಹೊರಗೆ, ಆ ಹುಡುಗಿಯ ಬೆನ್ನ ಹಿಂದೆ ನಿಂತೆ.

ಅವಳು ಗುಂಡಿ ಒತ್ತಿದಳು. ಮಣಿ ಬೀಳಲಿಲ್ಲ.

ಮತ್ತೆ ಒತ್ತಿದಳು. ಮಣಿ ಬೀಳಲಿಲ್ಲ. ಏನೋ ತಿರುಗಿಸಿ ಮತ್ತೆ ಒತ್ತಿದಳು. ಒಳಗೆ ಸೊಸೆ ಬಟ್ಟಲನ್ನೇ ನೋಡುತ್ತಿದ್ದಳು. ಹೊರಗೆ ನಾನೂ ಬಟ್ಟಲನ್ನೇ ನೋಡುತ್ತಿದ್ದೆ. ಹಾಕೇ ನನ್ನವ್ವಾ, ಒಂದಾದರೂ ಹಾಕೇ ಎಂದು ಒಳಗೊಳಗೇ ಬೇಡುತ್ತಿದ್ದೆ. ಬಟ್ಟಲು ಖಾಲಿಯಾಗಿ ಹೊಳೆಯುತ್ತಿತ್ತು. ಸೊಸೆಯ ಕಣ್ಣಿಂದ ನೀರು ಇಳಿದು ಮಗುವಿನ ಲಂಗದ ಮೇಲೆ ಬಿತ್ತು. ಆ ಹುಡುಗಿ ಮಾತ್ರ ಒತ್ತುವುದನ್ನು ನಿಲ್ಲಿಸಿ ಗಾಜಿನ ಹತ್ತಿರ ಬಗ್ಗಿದಳು.

"ಅಮ್ಮಾ, ಬಟ್ಟಲ ಬಿಡ್ರಿ. ಪಾಪುನ ಬಲಗೈ ನೋಡ್ರಿ. ನಾ ಒತ್ತಿದಾಗೆಲ್ಲ ಹಿಂಗ್ಯಾಕ ಮಾಡಾಕತ್ತಾಳ?"

ನೋಡಿದೆ. ಅವಳು ಒತ್ತಿದಳು. ಮೊಮ್ಮಗಳು ಬಲಗೈಯ ಐದೂ ಬೆರಳು ಅಗಲಿಸಿ ಅಲ್ಲಾಡಿಸಿದಳು. ಮತ್ತೆ ಒತ್ತಿದಳು. ಮತ್ತೆ ಐದು ಬೆರಳು!

"ತರಿ ಅಂತಾಳವ್ವಾ! ತರಿ! ನಿನ್ ಸದ್ದು ದಪ್ಪ ಐತಂತ, ಕಲ್ಲು ಬಿಗಿ ಮಾಡ್ಬೇಕಂತ!"

ಪಾಪ, ಆ ಹುಡುಗಿಗೆ ಏನು ತಿಳಿಯಬೇಕು? ಗಿರಣಿಯ ಕೈಮಾತನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಅವಳ ಕಣ್ಣು ಅರಳಿದವು. "ಹಂಗಾರ ಬಿಗಿ ಮಾಡ್ತೀನಿ ತಾಳ್ರಿ," ಎಂದು ಸದ್ದನ್ನು ತೆಳ್ಳಗೆ ಮಾಡಿ ಒತ್ತಿದಳು. ಮೊಮ್ಮಗಳು ತಲೆ ಓರೆ ಮಾಡಿ, ಬೆರಳುಗಳನ್ನು ಹತ್ತಿರ ತಂದಳು. ಇನ್ನೂ ತೆಳ್ಳಗೆ. ಹೆಬ್ಬೆರಳು ತೋರುಬೆರಳು ಸೇರಿದವು, ತೀಡಿದವು. ನುಣ್ಣಗೆ! ಸದ್ದಿನ ಜೋರು ಇಳಿಸಿದಳು, ಒಂದು ಕಿವಿಗೆ ಬಿಟ್ಟಳು, ಇನ್ನೊಂದಕ್ಕೆ ಬಿಟ್ಟಳು, ಬಿಡದೆ ಸುಮ್ಮನೆ ಕೂತು ನೋಡಿದಳು. ಸುಮ್ಮನಿದ್ದಾಗ ಮಗುವೂ ಸುಮ್ಮನಿತ್ತು. ನನ್ನ ಹಾಗೆ ಮೊಣಕೈ ನೋಡಿ ಮೋಸ ಮಾಡುವ ಕೂಸಲ್ಲ ಅದು. ನಾನು ಏನೂ ಕೇಳದೆ ಕೂತಿದ್ದ ಸದ್ದು ಬಂದಾಗಲೂ ಅವಳ ಬೆರಳು ತೀಡುತ್ತಿದ್ದವು.

"ಈ ಹೆಡ್‌ಫೋನಿನ್ಯಾಗ ಇಷ್ಟೇ ಮ್ಯಾಲ ಹೋಗಾಕ ಬರ್ತೈತಿ," ಎಂದು ಅವಳು ಎದ್ದು ಒಳಗೆ ಹೋಗಿ ಬೇರೆಯೊಂದನ್ನು ಹಾಕಿ ಬಂದಳು. ಗಿರಣಿಯ ಸದ್ದು ಕಿವಿಗೆ ಪೆಟ್ಟು ಕೊಡಲು ಶುರು ಮಾಡಿದ್ದರೆ ಈ ಎಲ್ಲಕ್ಕಿಂತ ಮೇಲಿನ ಸದ್ದುಗಳಲ್ಲೇ ಅದು ಮೊದಲು ಗೊತ್ತಾಗುತ್ತದಂತೆ. ಹತ್ತು ಸಾವಿರ ಎಂದಳು, ಹನ್ನೆರಡು ಸಾವಿರ ಎಂದಳು. ಆ ಸಾವಿರಗಳು ಏನೆಂದು ನನಗೆ ತಿಳಿಯದು. ನನಗೆ ತಿಳಿದಿದ್ದು ಮೊಮ್ಮಗಳ ಬೆರಳು. ತೀಡುತ್ತಿದ್ದವಳು ಮೆಲ್ಲಗೆ ಬೆರಳ ತುದಿಯನ್ನು ತುಟಿಯ ಹತ್ತಿರ ತಂದು ಉಫ್ ಎಂದು ಊದಿದಳು.

ನಾನು ಕೂಗಿಯೇಬಿಟ್ಟೆ. ಹಿಟ್ಟು ಅತಿ ನುಣ್ಣಗೆ ಬಂದಾಗ ನಾನು ಗಿರಾಕಿಗೆ ಹಾಗೆ ಊದಿ ತೋರಿಸುತ್ತೇನೆ: ನೋಡಿ, ಗಾಳಿಗೆ ಹಾರುತ್ತದೆ, ಇದಕ್ಕಿಂತ ಸಣ್ಣಗೆ ಲೋಕದಲ್ಲಿ ಯಾರೂ ಬೀಸಿಕೊಡಲಾರರು ಎಂದು. ಆ ಹುಡುಗಿ ಇನ್ನೂ ಮೇಲಕ್ಕೆ ಹೋದಳು. ಮಗು ಮತ್ತೆ ಊದಿತು. ಯಂತ್ರದ ಕೊನೆ ಮುಟ್ಟಿತು. ಮಗು ಕಣ್ಣು ಮುಚ್ಚಿ, ಬೆರಳನ್ನು ಇನ್ನೂ ಹತ್ತಿರ ತಂದು, ಇಷ್ಟೇ ಇಷ್ಟು ಊದಿತು.

"ಇದು ನನಗೇ ಸರಿಯಾಗಿ ಕೇಳಲ್ರಿ ಅಮ್ಮಾ," ಎಂದಳು ಅವಳು ಕುರ್ಚಿಗೆ ಒರಗಿ. "ಮಸ್ತ್ ಅದಾವ ನಿಮ್ ಮೊಮ್ಮಗಳ ಕಿವಿ."

ಒಳಗಿದ್ದ ಸೊಸೆಗೆ ಇದ್ಯಾವುದೂ ಗೊತ್ತಿಲ್ಲ. ಅವಳ ಕಣ್ಣೆದುರು ಖಾಲಿ ಬಟ್ಟಲು, ಗಾಜಿನಾಚೆ ಕುಣಿಯುತ್ತಿರುವ ಅತ್ತೆ. ಅವಳಿಗೆ ಹೇಗೆ ಹೇಳಲಿ? ಕೇಳುತ್ತದೆ ಎನ್ನುವುದಕ್ಕೆ ನಮ್ಮ ಗಿರಣಿಯಲ್ಲಿ ಸನ್ನೆಯೇ ಇಲ್ಲ, ಅಲ್ಲಿ ಯಾರಿಗೂ ಕೇಳುವುದಿಲ್ಲವಲ್ಲ! ಮೊಮ್ಮಗಳನ್ನು ತೋರಿಸಿದೆ, ನನ್ನ ಎರಡೂ ಕಿವಿ ಹಿಡಿದು ಎಳೆದೆ, ತಲೆ ಮೇಲೆ ಕೈ ಎತ್ತಿ ಗಿರಕಿ ಹೊಡೆದೆ. ಸೊಸೆ ಬಾಯಿ ತೆರೆದು ನೋಡಿದಳು. ಆಮೇಲೆ ತಿಳಿಯಿತು. ಮಗುವಿನ ಜುಟ್ಟಿನಲ್ಲಿ ಮುಖ ಹುದುಗಿಸಿದಳು. ಅವಳ ಹೆಗಲು ಅಲುಗುವುದು ಗಾಜಿನಿಂದ ಕಾಣುತ್ತಿತ್ತು. ಮಗುವಿಗೆ ಇದೆಲ್ಲ ಬೇಜಾರಾಗಿ ಕೊನೆಗೆ ಹಸಿರು ಮಣಿಯನ್ನು ಬಟ್ಟಲಿಗೆ ಎಸೆಯಿತು.

ಬಾಗಿಲು ತೆರೆದು ಸೊಸೆ ಹೊರಬಂದವಳೇ ನನ್ನನ್ನು ತಬ್ಬಿಕೊಂಡಳು. "ಜೋಗುಳ ಕೇಳಿತ್ತು ಅತ್ತೀ. ಎಲ್ಲಾ ಕೇಳಿತ್ತು."

"ಹೂಂನವ್ವಾ, ಕೇಳಿತ್ತು. ನೀ ರಾಗ ತಪ್ಪಿದ್ದೂ ಕೇಳಿತ್ತು."

"ನೀವೊಬ್ರು!" ಎಂದು ನನ್ನ ಭುಜಕ್ಕೆ ಗುದ್ದಿದಳು.

ಆ ಹುಡುಗಿ ನಮ್ಮಿಬ್ಬರನ್ನೂ ಕೂಡಿಸಿ ಬಿಡಿಸಿ ಹೇಳಿದಳು. ಗಿರಣಿಯಲ್ಲಿ ಯಾರೂ ಯಾರನ್ನೂ ಕೂಗಿ ಕರೆಯುವುದಿಲ್ಲ. ಹೆಗಲು ಮುಟ್ಟಿ ಕರೆಯುತ್ತಾರೆ. ಹಾಗಾಗಿ ಬೆನ್ನ ಹಿಂದಿನ ಸದ್ದು ತನ್ನದಲ್ಲ, ತಿರುಗಬೇಕಾಗಿಲ್ಲ ಎಂದು ಮಗು ಕಲಿತಿರಬಹುದು. ಕೈಯಿಂದಲೇ ಎಲ್ಲ ನಡೆಯುತ್ತಿದ್ದರೆ ಬಾಯಿಗೆ ಕೆಲಸ ಯಾಕೆ? "ಮಾತು ಬರ್ಬೇಕಂದ್ರ ಮಾತು ಕಿವಿಗಿ ಬೀಳ್ಬೇಕ್ರಿ. ಬರ್ತಾ ಇರ್ರಿ, ನಾವೂ ಮಾತಾಡ್ಸೋದು ಹೇಳ್ಕೊಡ್ತೀವಿ. ಮತ್ತ ಮೋಟಾರು ಓಡೋವಾಗ ಅಕಿನ್ನ ಒಳಗ ಕೂಡ್ರಸಬ್ಯಾಡ್ರಿ. ಇಂಥಾ ಕಿವಿ ಕಾಪಾಡ್ಕೋಬೇಕು."

"ಅಕಿ ನೆರಳೂ ಒಳಗ ಬೀಳಲ್ಲ," ಎಂದೆ. ಸುಳ್ಳು ಯಾಕೆ ಹೇಳಲಿ, ಜೋಳದ ಚೀಲದ ಮೇಲಿನ ಆ ಕೌದಿ ಕಣ್ಣ ಮುಂದೆ ಬಂತು. ಆದರೂ ಸಂತೋಷದ ಮುಂದೆ ಅದೆಷ್ಟರದು?

ಮೆಟ್ಟಿಲು ಇಳಿಯುವಾಗ ಇನ್ನೊಂದು ಹೊಳೆದು ನಿಂತುಬಿಟ್ಟೆ. ಇಷ್ಟು ದಿನ ಇವಳು ಹಿಟ್ಟು ನೋಡಿ ತರಿ ಎನ್ನುತ್ತಿದ್ದಾಳೆ ಎಂದುಕೊಂಡಿದ್ದೆನಲ್ಲ, ನೋಡಿ ಅಲ್ಲ! ಕಲ್ಲು ಬಿಗಿಯಾಗಿದ್ದಾಗ ಸದ್ದು ತೆಳ್ಳಗೆ, ಸಡಿಲಾದಾಗ ದಪ್ಪ. ಗಿರಣಿ ಹಿಡಿದ ಹೊಸತರಲ್ಲಿ ನಾನೂ ಅದನ್ನು ಕೇಳಿಯೇ ಕಲ್ಲು ಹೊಂದಿಸುತ್ತಿದ್ದೆ. ನನಗೆ ಆ ಸದ್ದು ಕೇಳುವುದು ಯಾವಾಗ ನಿಂತಿತೋ ನನಗೇ ತಿಳಿದಿಲ್ಲ. ಬೆರಳಿಂದ ಮುಟ್ಟಿ ನೋಡುವುದು ರೂಢಿಯಾಗಿಹೋಯಿತು. ಇವಳು ಚೀಲದ ಮೇಲೆ ಕೂತು ನನ್ನ ಪರವಾಗಿ ಕೇಳುತ್ತಿದ್ದಳು! ನಡುಮೆಟ್ಟಿಲಿನಲ್ಲೇ ಅವಳನ್ನು ಎತ್ತಿ ಎರಡೂ ಕಿವಿಗೆ ಮುತ್ತು ಕೊಟ್ಟೆ. ಕಚಗುಳಿಯಾಗಿ ಕಿರುಚಿದಳು. ಆ ಕಿರುಚಾಟ ಮಾತ್ರ ನನಗೂ ಕೇಳಿಸಿತು.

ಬಸ್ ಸ್ಟ್ಯಾಂಡಿನ ಹತ್ತಿರ ವಗ್ಗಾಣಿ, ಮಿರ್ಚಿ ಕಟ್ಟಿಸಿಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತು ತಿಂದೆವು. ಸೊಸೆ ಮಗನಿಗೆ ಫೋನು ಹಚ್ಚಿದಳು. ಮಾತಾಡಲು ಹೋದರೆ ಅವಳಿಗೆ ಬರೀ ಅಳು. ನಾನು ಕಿತ್ತುಕೊಂಡು ಎಲ್ಲ ಹೇಳಿದೆ. ಆ ಕಡೆ ಗಣಿಯ ಗಡಗಡ ಸದ್ದು, ಅವನು, "ಏನವ್ವಾ? ಏನು? ಕೇಳವಲ್ದು, ಜೋರಾಗಿ ಹೇಳು!" ಎಂದು ಅರಚುತ್ತಿದ್ದ.

"ನಿನ್ ಮಗಳಿಗಿ ಕಿವಿ ಕೇಳ್ತೈತಿ ಲೇ! ಕೇಳದಿರೋದು ನಿನಗ!"

ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವನು ಗಾಡಿ ಬಂದ್ ಮಾಡಿದನೆಂದು ಕಾಣುತ್ತದೆ, ಒಮ್ಮೆಲೇ ನಿಶ್ಶಬ್ದ. ಆಮೇಲೆ, "ಕೂಸಿಗಿ ಕೊಡವ್ವಾ," ಎಂದ. ಫೋನನ್ನು ಮಗುವಿನ ಕಿವಿಗೆ ಹಿಡಿದೆ. ಅವನು ಏನು ಹೇಳಿದನೋ, ಅವಳು ಒಂದು ಕೈಯಲ್ಲಿ ಮಿರ್ಚಿ ಹಿಡಿದು ಇನ್ನೊಂದರಿಂದ ಮೂಗು ಮುಟ್ಟಿಕೊಂಡು ತೋರಿಸಿದಳು. "ಫೋನಿನ್ಯಾಗ ಕೈ ಕಾಣಲ್ಲ ನನ್ ಬಂಗಾರ, ಬಾಯಿಲೆ ಹೇಳು, ಖಾರ ಅನ್ನು," ಎಂದಳು ಸೊಸೆ. ಮಗು ಫೋನನ್ನು ಕಣ್ಣ ಮುಂದೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿತು. ತನ್ನ ಕೈ ಅಪ್ಪನಿಗೆ ಕಾಣುವುದಿಲ್ಲ ಎಂಬುದು ಅದಕ್ಕೆ ಬಹಳ ವಿಚಿತ್ರವೆನಿಸಿರಬೇಕು.

ಮರುದಿನದಿಂದ ಅವಳ ಕೌದಿ ಹೊರಗೆ ಹೋಯಿತು. ಗಿರಣಿಯಿಂದ ನಾಲ್ಕು ಮನೆ ಆಚೆ ಬೇವಿನ ಮರದ ಕಟ್ಟೆ ಇದೆ. ಡಬ್ಬಿ ಸರದಿಗಿಟ್ಟವರು ಅಲ್ಲೇ ಹೋಗಿ ಕೂತು ಊರ ಸುದ್ದಿ ಹೇಳುತ್ತಾರೆ. ಮೊದಲೆರಡು ದಿನ ಅವಳು ನನ್ನ ಕಡೆ ತಿರುಗಿ ಕೈ ಮಾಡಿ ಮಾಡಿ ದಣಿದಳು. ಒಳಗಿದ್ದ ನನಗೆ ಹೇಗೆ ಕಾಣಬೇಕು? ಸಿಟ್ಟು ಮಾಡಿಕೊಂಡು ನನ್ನ ಜೊತೆ ಮಾತು, ಅಂದರೆ ಕೈ, ಬಿಟ್ಟಳು. ಕಟ್ಟೆಯ ಹೆಂಗಸರು ಸುಮ್ಮನಿರುತ್ತಾರೆಯೆ? "ಏನವ್ವಾ ಹಿಟ್ಟಿನ ಸಾವ್ಕಾರ್ತಿ, ಇವತ್ತೇನ್ ಉಂಡಿ? ನಿಮ್ ಅಜ್ಜಿ ಏನ್ ಮಾಡಿದ್ಲು?" ಎಂದು ಕೆಣಕಿದರು. ತಿಂಗಳುಗಟ್ಟಲೆ ಕೆಣಕಿದರು. ಹೊಸಪೇಟೆಯ ಆ ಹುಡುಗಿಯ ಹತ್ತಿರವೂ ಹೋಗಿ ಬರುತ್ತಿದ್ದೆವು. ಮೊಮ್ಮಗಳು ಮೊದಲು ರೊಟ್ಟಿ ಎಂದಳು. ಆಮೇಲೆ ಬ್ಯಾಡ ಎಂದಳು. ಬ್ಯಾಡ ಎನ್ನುವ ಮಾತು ಬಂದ ಮೇಲೆ ಉಳಿದದ್ದೆಲ್ಲ ಜಲ್ದಿ ಜಲ್ದಿ ಬಂತು. ಈಗ ಕಟ್ಟೆಯಲ್ಲಿ ಅವಳದೇ ದರ್ಬಾರು. "ನಿಮ್ ಮೊಮ್ಮಗಳು ಉಸಿರು ಬಿಡಾಕರ ಬಿಡುವು ಕೊಡ್ಲಿ, ಹೇಳ್ರಿ," ಎಂದು ಡಬ್ಬಿಯವರು ದೂರು ತರುತ್ತಾರೆ. ಆ ದೂರು ಕೇಳಲು ನನಗೆ ಎಂಥ ಖುಷಿ!

ದಿನದಲ್ಲಿ ಒಂದೆರಡು ಸಲವಾದರೂ ಯಾರಾದರೂ ಬಾಗಿಲಿಗೆ ಬಂದು ಕಟ್ಟೆಯ ಕಡೆ ಕೈ ತೋರಿಸುತ್ತಾರೆ. ಅವಳು ಕರೆಯುತ್ತಿದ್ದಾಳೆ ಎಂದರ್ಥ. ಅರ್ಧ ಬೀಸಿದ ಜೋಳವಿದ್ದರೂ ಮೋಟಾರು ಬಂದ್ ಮಾಡುತ್ತೇನೆ. ಕಲ್ಲು ನಿಲ್ಲುತ್ತದೆ, ಹಿಟ್ಟು ನಿಲ್ಲುತ್ತದೆ, ಸರದಿಯಲ್ಲಿರುವವರು ಗೊಣಗುತ್ತಾರೆ.

"ಯಾಕ್ರೀ, ಕರೆಂಟ್ ಹೋತೇನು?"

"ಇಲ್ರಿ. ಮೊಮ್ಮಗಳು ಕರದ್ಲು."

ಸೆರಗಿಗೆ ಕೈ ಒರೆಸಿಕೊಂಡು ಬೀದಿಗೆ ಬರುತ್ತೇನೆ. ನಾಲ್ಕು ಮನೆ ಆಚೆಯಿಂದ, ಬೀದಿಗೆಲ್ಲ ಕೇಳುವಂತೆ, ಅವಳು ಕೂಗುತ್ತಾಳೆ: "ಅಜ್ಜೀ!"

"ಏನ್ ನನ್ನವ್ವಾ? ಯಾಕ ಕರದಿ?"

"ಏನಿಲ್ಲ. ಸುಮ್ನ ಕರದೆ."

ಹೋಗಿ ಮತ್ತೆ ಮೋಟಾರು ಹಚ್ಚುತ್ತೇನೆ.